ಸರ್ ಬನಿ ಯಾಸ್‌ನಲ್ಲಿ ಒಂದು ಕೋಣೆ

ತಮ್ಮಾ ಪ್ರಿಯನ್,

ನಿನ್ನೆ ಚರ್ಚಿನವರ ಜೊತೆ ಸರ್ ಬನಿ ಯಾಸ್ ದ್ವೀಪಕ್ಕೆ ಹೋಗಿದ್ದೆ. ಅಬುಧಾಬಿಯಿಂದ ಬಸ್ಸು, ಆಮೇಲೆ ದೋಣಿ. ಸಾವಿರದ ಮುನ್ನೂರು ವರ್ಷಗಳ ಹಿಂದೆ ಅಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಿತ್ತಂತೆ. ಈಗ ಉಳಿದಿರುವುದು ಗಿಡ್ಡ ಗೋಡೆಗಳು ಮಾತ್ರ.

ಒಬ್ಬ ಸನ್ಯಾಸಿಗೆ ಒಂದು ಕೋಣೆ ಎಂದ ಗೈಡ್. ಉಳಿದವರು ಫೋಟೊ ತೆಗೆಯುತ್ತಿದ್ದಾಗ ನಾನು ಹೊರಗಿನಿಂದಲೇ ಒಂದು ಕೋಣೆಯನ್ನು ಹೆಜ್ಜೆಯಲ್ಲಿ ಅಳೆದೆ. ಉದ್ದ ಐದು, ಅಗಲ ನಾಲ್ಕು. ಜೆಬೆಲ್ ಅಲಿಯ ಕಾರ್ಮಿಕರ ಕ್ಯಾಂಪಿನಲ್ಲಿ ಅಷ್ಟೇ ಜಾಗದಲ್ಲಿ ನೀವು ಆರು ಜನ ಮಲಗುತ್ತಿದ್ದಿರಿ.

ಪಾದ್ರಿಯಾಗಲು ನೀನು ಓದುತ್ತಿದ್ದ ಸೆಮಿನರಿಯಲ್ಲಿ ನಿನಗೂ ಒಂದು ಕೋಣೆಯಿತ್ತು. "ಅಮ್ಮನಿಗೆ ಸೀರಿಯಸ್, ಬೇಗ ಬಾ" ಎಂದು ಫೋನ್ ಮಾಡಿದವಳು ನಾನು. ನೀನು ನಾಲ್ಕು ದಿನ ರಜೆ ಕೇಳಿ, ಪುಸ್ತಕಗಳನ್ನು ಮೇಜಿನ ಮೇಲೇ ಬಿಟ್ಟು ಓಡಿ ಬಂದೆ. ಅಮ್ಮ ಅಂಗಳದಲ್ಲಿ ಬಂಗುಡೆ ಮೀನು ಕೊಯ್ಯುತ್ತಾ ಕೂತಿದ್ದರು. ಇಲ್ಲಿನ ಕೆಲಸಕ್ಕೆ ನಿನ್ನ ವೀಸಾ ನನ್ನ ಬ್ಯಾಗಿನಲ್ಲಿತ್ತು. ಸೆಮಿನರಿಗೆ ವಾಪಸ್ ಹೋಗದೆ ನೀನು ವಿಮಾನ ಹತ್ತಿದೆ.

ಮುಂದಿನ ವರ್ಷ ಗೋದಾಮಿನಲ್ಲಿ ಸರಕು ಕುಸಿದು ನೀನು ಅದರಡಿ ಸಿಕ್ಕಿ ತೀರಿಕೊಂಡೆ ಎಂದು ಫೋನ್ ಬಂದಾಗ, ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ನಾನು ಅಂದುಕೊಂಡೆ.

ವಾಪಸ್ ಬರುವಾಗ ದೋಣಿಯಲ್ಲಿ, ನಮ್ಮ ಚರ್ಚಿಗೆ ಹೊಸದಾಗಿ ಬಂದಿರುವ ಒಲಿಂಡಾ ಆಂಟಿ ಕೇಳಿದರು: "ನಿಮ್ಮ ಮನೆಯಲ್ಲಿ ಯಾರಾದ್ರೂ ಪಾದ್ರಿ ಉಂಟಾ, ಡೆಲ್ಫಿನ್?"

"ತಮ್ಮ ಸೆಮಿನರಿಯಲ್ಲಿದ್ದಾನೆ," ಎಂದೆ.

"ದೊಡ್ಡ ಪುಣ್ಯ ಮಾರಾಯ್ತಿ! ನಂಗೊಂದು ಪ್ರಾರ್ಥನೆ ಮಾಡ್ಲಿಕ್ಕೆ ಹೇಳು ಅವನಿಗೆ."

ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಮೊಣಕಾಲು ನೋವಂತೆ.

ಡೆಲ್ಫಿನ್