ಅಣಬೆ ಬಿಟ್ಟು ಬೇರೇನೂ ಇಲ್ಲ

ಲೊಗ್ರೋನ್ಯೊ,
ಅಕ್ಟೋಬರ್ ಎಂಟು, ಮಂಗಳವಾರ

ಎಲಾಡಿಯೋ,

'ಪ್ರೀತಿಯ' ಎಂದು ಬರೆಯಲು ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ನೀನು ಚೆನ್ನಾಗಿದ್ದೀಯ ಎಂದುಕೊಳ್ಳುತ್ತೇನೆ. ನಾನೂ ನಿನ್ನ ತಾಯಿಯೂ ಚೆನ್ನಾಗಿದ್ದೇವೆ.

ನಮ್ಮ ಬಾರು ಕೊಳ್ಳಲು ಮ್ಯಾಡ್ರಿಡ್‌ನಿಂದ ಒಬ್ಬರನ್ನು ಕಳಿಸುತ್ತಿದ್ದೇನೆ, ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು, ಏನು ಕೊಳ್ಳಬೇಕು ಎಲ್ಲ ತೋರಿಸು, ಊರು ಅವರ ಮನಸ್ಸಿಗೆ ಹಿಡಿಸಲಿ ಎಂದು ನೀನು ಬರೆದಿದ್ದೆ. ಬಿಟ್ಟುಹೋಗಿ ಆರು ವರ್ಷವಾದರೂ ನನಗೆ ಕೆಲಸ ಹೇಳುವ ಚಾಳಿ ನಿನ್ನನ್ನು ಬಿಟ್ಟಿಲ್ಲ. ಆದರೂ ತೋರಿಸಿದೆ. ಹೇಗೆ ತೋರಿಸಿದೆ ಕೇಳು.

ಶನಿವಾರ ಬೆಳಿಗ್ಗೆ ನಿನ್ನ ಸೆನ್ಯೋರ್ ಗಾಂದಾರಾನನ್ನು ನೇರ ಮಾರುಕಟ್ಟೆಗೆ ಕರೆದೊಯ್ದೆ. ಎಂಕಾರ್ನಾಳ ಮೆಣಸಿನಕಾಯಿ ಅಂಗಡಿಯ ಮುಂದೆ ಎಂಟು-ಹತ್ತು ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು ನಿಂತು ಹರಟುತ್ತಿದ್ದರು. ಪುಣ್ಯಾತ್ಮ ಸಾಲು ಎಲ್ಲಿದೆ ಎಂದು ನೋಡಿದ, ಇಲ್ಲ. ಚೀಟಿ ಕೊಡುವ ಯಂತ್ರ ಹುಡುಕಿದ, ಅದೂ ಇಲ್ಲ. ಸೀದಾ ಮುಂದೆ ಹೋಗಿ ಒಂದು ಮೆಣಸಿನಕಾಯಿ ಎತ್ತಿಕೊಂಡ. "ಏನಪ್ಪಾ, ನಾವೆಲ್ಲ ಇಲ್ಲಿ ಗೋಡೆಗೆ ಮೆತ್ತಿರೋ ಗೊಂಬೆಗಳಾ? ಬಂದ ತಕ್ಷಣ ಕೊನೇವ್ರು ಯಾರು ಅಂತ ಕೇಳ್ಬೇಕು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?" ಅಂತ ಒಬ್ಬಳು ಶುರು ಮಾಡಿದಳು. ಕೇಳಿದ, ಪಾಪ. "ಇಷ್ಟೊತ್ತು ನಾನು, ಈಗ್ಲಿಂದ ನೀನು. ಮುಂದೆ ಬರೋರ್ಗೆ ನೀನೇ ಹೇಳು," ಅಂದಳು ಅದೇ ಹೆಂಗಸು. ಅವನ ಸರದಿ ಬರುವಷ್ಟರಲ್ಲಿ ಒಳ್ಳೆಯ ಕಾಯೆಲ್ಲ ಖಾಲಿ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಲ್ಲಿಂದ ವೈನ್ ತುಂಬುವ ತೊಗಲಿನ ಚೀಲ ಹೊಲಿಯುವ ಮುದುಕ ಬರ್ನಾಬೆಯ ಅಂಗಡಿಗೆ. ಮ್ಯಾಡ್ರಿಡ್ಡಿನ ಆಫೀಸಿನಲ್ಲಿ ಗೋಡೆಗೆ ನೇತುಹಾಕಲು ಒಂದು ಬೇಕು ಅಂದ ನಿನ್ನ ಗಾಂದಾರಾ. ಬರ್ನಾಬೆ ಸೂಜಿ ಕೆಳಗಿಡಲಿಲ್ಲ. "ಗೋಡೆಗೆ ಬಾಯಾರಿಕೆ ಆಗಲ್ಲ, ಸ್ವಾಮಿ. ಕುಡಿಯೋರ್ಗೆ ಮಾತ್ರ ಕೊಡೋದು," ಅಂತ ಕಳಿಸಿಬಿಟ್ಟ.

ಮಧ್ಯಾಹ್ನ ನಮ್ಮ ಬಾರಿಗೆ ಬಂದ. ಅಣಬೆ ಇಟ್ಟೆ, ಮೇಲೊಂದು ಸೀಗಡಿ, ಅಡಿಯಲ್ಲಿ ಬ್ರೆಡ್ಡು, ಜೊತೆಗೆ ಒಂದು ಲೋಟ ಕೆಂಪು ವೈನ್. ಬೆರಳು ನೆಕ್ಕಿ ತಿಂದ, ಸುಳ್ಳು ಹೇಳಬಾರದು. ಆಮೇಲೆ ಬೇರೆ ಏನಿದೆ ಅಂದ. ಅಣಬೆ ಅಂದೆ. ಅಣಬೆ ಬಿಟ್ಟು ಅಂದ. "ಅಣಬೆ ಬಿಟ್ಟು ಪಕ್ಕದ ಅಂಗಡಿ ಇದೆ," ಅಂದೆ. ಅವನ ತಲೆಯಲ್ಲಿ ಮೇಜು ಕುರ್ಚಿ, ಬರ್ಗರು, ಕ್ರೋಕೆಟ್ಟು, ಸಾಲದ್ದಕ್ಕೆ ವಲೆನ್ಸಿಯಾದವರ ಅನ್ನ! ನಾನು ಕ್ರೋಕೆಟ್ಟು ಕರಿದರೆ ಪಕ್ಕದ ಚೂಚೊ ಏನು ಮಾರಬೇಕು? ಒಂದು ಬಾಗಿಲಿಗೆ ಒಂದೇ ತಿಂಡಿ, ನಿಂತೇ ತಿನ್ನಬೇಕು, ತಿಂದು ಪಕ್ಕದವನಲ್ಲಿಗೆ ಹೋಗಬೇಕು. ಪಕ್ಕದವನ ಬಾಣಲೆಗೆ ಕೈ ಹಾಕದಿರುವುದೇ ನಮ್ಮ ಓಣಿಯ ಮಾನ. ಇದನ್ನು ನಿನಗೆ ಹೇಳಿಕೊಡಬೇಕಾಯಿತಲ್ಲ.

ಹೊರಡುವಾಗ ಅವನು ಒಂದು ಮಾತು ಹೇಳಿದ. ಕಟ್ಟಡ ಮಾರಲು ನಿನ್ನ ತಾಯಿ ಆಗಲೇ ಒಪ್ಪಿದ್ದಾರಂತೆ, ಬಾರು ಬಿಟ್ಟುಕೊಡಲು ನನ್ನ ಸಹಿ ಒಂದೇ ಬಾಕಿಯಂತೆ. ಮೂರು ದಿನದಿಂದ ಅತ್ತೆಯ ಎದುರಿಗೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೇನೆ, ಕೇಳುವ ಧೈರ್ಯ ಬಂದಿಲ್ಲ. ಗೋಡೆಗಳು ಅವರವು, ನೀನು ಅವರ ಹೊಟ್ಟೆಯಲ್ಲಿ ಹುಟ್ಟಿದವನು, ನಾನು ಹೊರಗಿನಿಂದ ಬಂದವಳು. ಅವರು ಮಾರಿದರೆ ನಾಳೆ ಕಾವಲಿ ಹೊತ್ತುಕೊಂಡು ಬೀದಿಗೆ ಬೀಳುತ್ತೇನೆ. ಬಿದ್ದರೆ ಬೀದಿಯಲ್ಲೇ ಒಲೆ ಹಚ್ಚುತ್ತೇನೆ. ಸಹಿ ಮಾತ್ರ ಹಾಕುವುದಿಲ್ಲ.

ಇನ್ನು ನಿನ್ನ ಪತ್ರದ ಆ ಸಾಲು. ಎಲ್ಲ ಮುಗಿದ ಮೇಲೆ ನಾವಿಬ್ಬರೂ ನಮ್ಮ ಬಾರಿನಲ್ಲಿ ನಿಂತು ಕೊನೆಯ ಲೋಟ ಕುಡಿಯೋಣ ಎಂದಿದ್ದೀಯ. ಕೊನೆಯ ಲೋಟವೇ, ಎಲಾಡಿಯೋ? ಕೊನೆಯದು ಸಾವಿನ ಪಾಲು. ನಿಲ್ಲಲಾರದಷ್ಟು ಕುಡಿದವನೂ ಇಲ್ಲಿ 'ಕೊನೇದಕ್ಕೆ ಮುಂಚಿಂದು ಒಂದು ಹಾಕು' ಅನ್ನುತ್ತಾನೆ. ನೀನು ಹೋದ ದಿನ ಅಳದವಳು ಆ ಸಾಲು ಓದಿ ಕಣ್ಣೀರು ಹಾಕಿದೆ. ನನ್ನನ್ನು ಬಿಟ್ಟದ್ದು ಸರಿ, ನಿನ್ನ ಓಣಿಯ ಮಾತನ್ನೂ ಬಿಟ್ಟೆಯಾ?

ಗಾಂದಾರಾನಿಗೆ ಹೇಳು, ಬಾರು ಮಾರಾಟಕ್ಕಿಲ್ಲ. ಹಸಿವಾದರೆ ಬರಲಿ.

ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿ,
ಮಿಲಾಗ್ರೋಸ್

ಮರೆತ ಮಾತು: ಮಗನೇ, ಇದು ನಿನ್ನಮ್ಮನ ಕೈಬರಹ. ನಿನ್ನ ಹೆಂಡತಿ ಪತ್ರ ಅಂಚೆಗೆ ಹಾಕಿ ಅಂತ ಕೊಟ್ಟಳು, ತೆರೆದು ಓದಿಬಿಟ್ಟೆ. ನಾನು ಯಾವಾಗ ಒಪ್ಪಿದೆನೋ? ನೀನು ಫೋನಿನಲ್ಲಿ ಕೇಳಿದಾಗ ಸುಮ್ಮನಿದ್ದೆ. ಅದು ಒಪ್ಪಿಗೆಯಲ್ಲ, ಇಂಥವನನ್ನು ಹೆತ್ತೆನಲ್ಲ ಎಂಬ ನಾಚಿಕೆ. ನಿನ್ನೆ ನೋಟರಿಯ ಹತ್ತಿರ ಹೋಗಿ ಕಟ್ಟಡವನ್ನು ಅವಳ ಹೆಸರಿಗೆ ಬರೆದುಕೊಟ್ಟು ಬಂದೆ. ಅವಳಿಗೆ ಇನ್ನೂ ಹೇಳಿಲ್ಲ. ಸಿಟ್ಟಿನಲ್ಲಿದ್ದಾಗ ಅವಳ ಕೈಯಲ್ಲಿ ಅಣಬೆ ಬಹಳ ಚೆನ್ನಾಗಿ ಬೇಯುತ್ತದೆ, ಭಾನುವಾರದ ವ್ಯಾಪಾರ ಮುಗಿಯಲಿ.
— ಕಸಿಲ್ದಾ