ಎಚ್ಚರದ ಪಟ್ಟಿ

ಜೂನ್ 3, ಬೆಳಿಗ್ಗೆ 9.40

ಇವತ್ತೂ ಬಿಸಿ. ಮೇಜಿನ ಮೇಲಿನ ಹನ್ನೆರಡು ಫೋನುಗಳಲ್ಲಿ ಏಳನ್ನು ಕೈಯಲ್ಲಿ ಹಿಡಿಯಲಾಗುತ್ತಿಲ್ಲ. ನಾಲ್ಕು ವರ್ಷದ ಹಿಂದಿನ ಫೋನು, ಅದಕ್ಕೆ ಈ ವರ್ಷದ ಸಾಫ್ಟ್‌ವೇರ್. ಬ್ಯಾಟರಿ ಪರೀಕ್ಷೆಯ ಕೋಣೆಯಿಂದ ವರದಿ ಬಂದಿದೆ — ಮಧ್ಯಾಹ್ನ ಮೂರಕ್ಕೆ ಖಾಲಿ. ಹನ್ನೆರಡನೇ ತಾರೀಕು ಅಪ್‌ಡೇಟ್ ಹೋಗಬೇಕು. ಈ ಫೋನಿಗೆ ಇದೇ ಕೊನೆಯದು.

ನಮ್ಮ ವಿಭಾಗವನ್ನು ಆಫೀಸಿನಲ್ಲಿ ಎಲ್ಲರೂ ವೃದ್ಧಾಶ್ರಮ ಅನ್ನುತ್ತಾರೆ. ಮಾರಾಟ ನಿಂತ ಫೋನುಗಳಿಗೆ ಸಾಫ್ಟ್‌ವೇರ್ ಕೊಡುತ್ತಾ ಇರುವುದು ಕೆಲಸ. ಒಂದು ಕಾಲಕ್ಕೆ ಹನ್ನೊಂದು ಜನ ಇದ್ದೆವು. ಈಗ ನಾನು, ಮತ್ತೆ ಎಲ್ಲರೂ ಚಾರ್ಜರ್ ಅನ್ನುವ ಸಹೋದ್ಯೋಗಿ. ಯಾವ ಫೋನಿನ ಬ್ಯಾಟರಿಯನ್ನೂ ನೂರಕ್ಕಿಂತ ಕೆಳಗೆ ನೋಡಲಾರ, ಅದಕ್ಕೇ ಆ ಹೆಸರು. ಬೆಳಿಗ್ಗೆ ಬಂದವನೇ ಎಲ್ಲದಕ್ಕೂ ವೈರು ಚುಚ್ಚಿ, ಆಮೇಲೆ ಬ್ಯಾಗ್ ಕೆಳಗಿಡುತ್ತಾನೆ. ಐವತ್ತು ದಾಟಿದೆ, ಮಂಡಿನೋವು. ಒಳ್ಳೆಯ ಮನುಷ್ಯ.

ಕಾಫಿ ಮೆಷಿನ್ ಕೆಟ್ಟಿದೆ. ಮೂರನೇ ದಿನ.

ಜೂನ್ 5

ಮ್ಯಾನೇಜರ್ ಬಂದಿದ್ದರು. ನಿಂತೇ ಮಾತಾಡಿದರು. ಬ್ಯಾಟರಿ ರಾತ್ರಿವರೆಗೆ ಬರಲೇಬೇಕಂತೆ. ಆಗಸ್ಟಿನಲ್ಲಿ ಹೊಸ ಫೋನು ಬಿಡುಗಡೆ, ‘ಏಳು ವರ್ಷ ಸಾಫ್ಟ್‌ವೇರ್ ಗ್ಯಾರಂಟಿ’ ಎಂದು ಜಾಹೀರಾತು. ಅದಕ್ಕೆ ಮುಂಚೆ ಹಳೆಯದರ ಬಗ್ಗೆ ಯಾರೂ ಬಾಯಿ ಬಿಡಬಾರದು.

ಬೇರೆಲ್ಲೂ ಬರೆಯುವಂತಿಲ್ಲ, ಇಲ್ಲಿಯಾದರೂ ಬರೆದಿಡುತ್ತೇನೆ. ಈ ಫೋನಿನ ಪ್ರೊಸೆಸರ್ ಬಿಡುಗಡೆಯ ದಿನವೇ ಎರಡು ವರ್ಷ ಹಳೆಯದು. ಅದಕ್ಕೆ ‘ಸೆವೆನ್ ಪ್ಲಸ್’ ಎಂದು ಹೊಸ ಹೆಸರು ಕೊಟ್ಟು ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಆಗ ನಾನು ವೇಗ ಅಳೆಯುವ ಲ್ಯಾಬಿನಲ್ಲಿದ್ದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓಡಿಸಿದೆ. ಅಂಕಿಗಳು ಅವಳಿ ಮಕ್ಕಳು. ‘ಎರಡೂ ಒಂದೇ’ ಎಂದು ವರದಿಯಲ್ಲಿ ಬರೆದೆ. ಸಹಿಗೆ ವಾಪಸ್ ಬಂದಾಗ ಆ ಸಾಲು ಇರಲಿಲ್ಲ. ಸಹಿ ಹಾಕಿದೆ. ಎರಡು ದಿನ ಊಟ ಸೇರಲಿಲ್ಲ, ಮೂರನೇ ದಿನ ಸೇರಿತು.

ಆ ಪ್ರೊಸೆಸರ್ ಚಿಪ್ ಮಾಡುವವರು ಅದರ ಸಾಫ್ಟ್‌ವೇರನ್ನು ಐದು ವರ್ಷ ನೋಡಿಕೊಳ್ಳುತ್ತಾರೆ. ಲೆಕ್ಕ ಚಿಪ್ ಹುಟ್ಟಿದ ದಿನದಿಂದ, ಹೊಸ ಹೆಸರಿಟ್ಟ ದಿನದಿಂದಲ್ಲ. ನಾವು ಗಿರಾಕಿಗೆ ಕೊಟ್ಟ ಮಾತು ಫೋನು ಬಿಡುಗಡೆಯಾದಂದಿನಿಂದ ನಾಲ್ಕು ವರ್ಷ. ಹಾಗಾಗಿ ಈ ಕೊನೆಯ ವರ್ಷ ಅವರ ಸಹಾಯ ಇಲ್ಲ. ಇರುವ ಇಬ್ಬರೇ ತೇಪೆ ಹಾಕಬೇಕು.

ಹೋಗುವಾಗ ಮ್ಯಾನೇಜರ್ ಒಂದು ದಾರಿ ಹೇಳಿದರು. ಎಚ್ಚರದ ಪಟ್ಟಿ ಚಿಕ್ಕದು ಮಾಡಿ ನೋಡಿ ಎಂದು.

ಜೂನ್ 6, ಸಂಜೆ

ಮಾಡಿದೆ. ಪರದೆ ಆರಿದ ಹತ್ತು ನಿಮಿಷಕ್ಕೆ ಫೋನು ಎಲ್ಲ ಆಪ್‌ಗಳನ್ನೂ ಮಲಗಿಸಿಬಿಡುತ್ತದೆ, ಎಚ್ಚರದ ಪಟ್ಟಿಯಲ್ಲಿ ಹೆಸರಿರುವವನ್ನು ಬಿಟ್ಟು. ಪಟ್ಟಿಯಲ್ಲಿ 212 ಹೆಸರು ಇದ್ದವು. ಅರ್ಧ ಪರ್ಸೆಂಟಿಗಿಂತ ಕಡಿಮೆ ಜನ ಬಳಸುವಂಥವೆಲ್ಲ ಔಟ್. ಹೆಸರು ನೋಡುತ್ತಾ ಕೂರಲಿಲ್ಲ. ಅಂಕಿ ನೋಡಿದೆ, ಗೆರೆ ಎಳೆದೆ, ಕೆಳಗಿದ್ದದ್ದನ್ನು ಅಳಿಸಿದೆ. ಉಳಿದದ್ದು 38. ಹತ್ತು ನಿಮಿಷದ ಕೆಲಸ.

ಫೋನು ತಣ್ಣಗಾಯಿತು. ಬ್ಯಾಟರಿ ರಾತ್ರಿ ಒಂಬತ್ತರವರೆಗೂ ಬರುತ್ತದಂತೆ. ಚಾರ್ಜರ್ ಎರಡು ದಿನ ಅಲಾರಂ, ಮೆಸೇಜು, ಕರೆ ಎಲ್ಲ ನೋಡುತ್ತಾನೆ.

ಜೂನ್ 8

ಎಲ್ಲ ಪಾಸು. ಬೆನ್ನು ನೋವು.

ಜೂನ್ 12, ಮಧ್ಯಾಹ್ನ

ಹೋಯಿತು. ಒಂಬತ್ತು ಲಕ್ಷ ಫೋನುಗಳು ಇನ್ನೂ ಬಳಕೆಯಲ್ಲಿವೆ. ಒಂದೊಂದಾಗಿ ತೆಗೆದುಕೊಳ್ಳುತ್ತಿವೆ.

ಅಕ್ಕ ಫೋನ್ ಮಾಡಿದ್ದಳು. ಅವಳದೂ ಇದೇ ಫೋನು. ನಾಲ್ಕು ವರ್ಷ ಚಿಂತೆ ಇಲ್ಲ, ತಗೋ ಎಂದು ಕೊಡಿಸಿದವಳು ನಾನು. ಹೊಸ ಅಪ್‌ಡೇಟ್ ಹಾಕಿಕೊಂಡಳಂತೆ, ಬ್ಯಾಟರಿ ಗಟ್ಟಿಯಾಗಿದೆ ಅಂದಳು. ‘ನಿಮ್ಮ ವೃದ್ಧಾಶ್ರಮದಲ್ಲಿ ಔಷಧಿ ಚೆನ್ನಾಗಿದೆ’ ಎಂದು ನಕ್ಕಳು. ಖುಷಿಯಾಯಿತು. ಹೊಗಳಿಕೆ ಕೇಳಿ ಎಷ್ಟು ದಿನವಾಗಿತ್ತೋ.

ಅಕ್ಕನಿಗೆ ಸಕ್ಕರೆ ಕಾಯಿಲೆ, ಹದಿನಾಲ್ಕನೇ ವಯಸ್ಸಿನಿಂದ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ತೋಳಿಗೆ ಒಂದು ಬಿಲ್ಲೆ ಅಂಟಿಸಿಕೊಂಡಿರುತ್ತಾಳೆ. ಅದು ರಕ್ತದ ಸಕ್ಕರೆ ಅಳೆದು ಫೋನಿಗೆ ತಿಳಿಸುತ್ತದೆ. ತೀರಾ ಇಳಿದರೆ ಫೋನು ಕೂಗುತ್ತದೆ. ಆ ಕೂಗನ್ನು ನಂಬಿಕೊಂಡೇ ಅವಳ ಕೆಲಸ — ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ.

ಜೂನ್ 30

ಈ ಫೋನಿನ ಸಪೋರ್ಟ್ ಇವತ್ತಿಗೆ ಮುಗಿಯಿತು. ಫೈಲು ಮುಚ್ಚಿದೆ. ಚಾರ್ಜರ್ ಹನ್ನೆರಡು ಫೋನುಗಳನ್ನೂ ಒರೆಸಿ ಇಟ್ಟ, ವೈರು ಮಾತ್ರ ಕೀಳಲಿಲ್ಲ.

ಜುಲೈ 2, ಸಂಜೆ 5

ಆಸ್ಪತ್ರೆಯಿಂದ ಈಗ ಬಂದೆ. ಅಕ್ಕ ಚೆನ್ನಾಗಿದ್ದಾಳೆ. ಮೊದಲು ಅದನ್ನು ಬರೆಯಬೇಕು. ಚೆನ್ನಾಗಿದ್ದಾಳೆ.

ಹನ್ನೊಂದು ಗಂಟೆಯ ಪಾಠ. ಕಲಿಯಲು ಬಂದವರು ನಿವೃತ್ತ ಗಣಿತದ ಮೇಷ್ಟ್ರು, ಅರವತ್ತೇಳು ವರ್ಷ. ಅಕ್ಕ ಎಡಕ್ಕೆ ತಗೊಳ್ಳಿ ಅಂದಳಂತೆ. ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಅವರು ಹೇಳಿದಂತೆ ಒಂದೇ ಬೀದಿಯನ್ನು ಮೂರು ಸುತ್ತು ಹಾಕಿದರು. ಇದೂ ಪಾಠವೇ ಇರಬೇಕು ಅಂದುಕೊಂಡರಂತೆ, ಪಾಪ. ಸಕ್ಕರೆ ಇಳಿದು ಅಕ್ಕನಿಗೆ ಮಂಪರು ಹಿಡಿದಿತ್ತು, ನಾಲ್ಕನೇ ಸುತ್ತಿಗೆ ತಲೆ ಕಿಟಕಿಗೆ ಒರಗಿತು. ಮೇಷ್ಟ್ರು ಬ್ರೇಕ್ ಒತ್ತಿದರು. ಕಾರು ದೀಪದ ಕಂಬಕ್ಕೆ ಮುಟ್ಟಿ ನಿಂತಿತು. ಅಲ್ಲಿಂದ ಹತ್ತು ಹೆಜ್ಜೆಗೆ ಶಾಲೆಯ ಗೇಟು.

ಬದುಕಿಸಿದ್ದು ಅಕ್ಕನದೇ ಅಭ್ಯಾಸ. ಹೊಸಬರು ಬಂದರೆ ಬ್ರೇಕ್ ಎಲ್ಲಿದೆ ಎಂದು ತೋರಿಸುವುದಕ್ಕೆ ಮೊದಲು ತನ್ನ ಗ್ಲೂಕೋಸ್ ಮಾತ್ರೆ ಎಲ್ಲಿದೆ ಎಂದು ತೋರಿಸುತ್ತಾಳೆ. ಮೇಷ್ಟ್ರು ಮೂರು ಮಾತ್ರೆ ಅವಳ ಬಾಯಿಗೆ ಹಾಕಿ ಆಂಬುಲೆನ್ಸ್ ಕರೆದರು.

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿ ಹೇಳಿದ ಮೊದಲ ಮಾತು — “ಅದು ಕೂಗ್ಲೇ ಇಲ್ಲ ಕಣೇ.”

ಬೈದೆ. ಪಾಠದ ಮಧ್ಯೆ ಕಿರಿಕಿರಿ ಅಂತ ಸೌಂಡ್ ಆಫ್ ಮಾಡಿರುತ್ತೀಯ, ನಿನಗೆ ಮೊದಲಿನಿಂದಲೂ ಹುಂಬತನ ಎಂದು. ನರ್ಸ್ ಎದುರಿಗೇ. ಅಕ್ಕ ಇಲ್ಲ ಎಂದು ತಲೆಯಾಡಿಸಿದಳು, ವಾದ ಮಾಡುವಷ್ಟು ಶಕ್ತಿ ಇರಲಿಲ್ಲ.

ಜುಲೈ 3

ಅಕ್ಕನ ಫೋನನ್ನು ಲ್ಯಾಬಿಗೆ ತಂದೆ. ಆಸ್ಪತ್ರೆಯವರು ಅವಳಿಗೆ ತಮ್ಮದೇ ಒಂದು ಮೀಟರ್ ಕೊಟ್ಟಿದ್ದಾರೆ. ಸೌಂಡ್ ಆನ್ ಇತ್ತು. ಪೂರ್ತಿ ಆನ್.

ಬಿಲ್ಲೆ ಅಕ್ಕನ ತೋಳಿನಲ್ಲಿ, ಫೋನು ಇಲ್ಲಿ. ಬಿಲ್ಲೆ ಸಿಗದಿದ್ದರೆ ಆ ಆಪ್ ಇಪ್ಪತ್ತು ನಿಮಿಷಕ್ಕೊಮ್ಮೆ ಕೂಗಬೇಕು. ಕೂಗಿತು. ದಿನವಿಡೀ. ಪಕ್ಕದ ವಿಭಾಗದವರು ಎರಡು ಸಲ ಬಂದು ಬೈದು ಹೋದರು. ಫೋನಿನಲ್ಲಿ ಏನೂ ದೋಷವಿಲ್ಲ.

ಸಂಜೆ, ಬಸ್ಸಿನಲ್ಲಿ

ಫೋನು ತೊಡೆಯ ಮೇಲಿದೆ. ನಲವತ್ತೈದು ನಿಮಿಷ ಆಯಿತು. ಸದ್ದಿಲ್ಲ. ಅಬ್ಬಾ, ಒಂದು ಗಳಿಗೆ ನೆಮ್ಮದಿ ಅಂದುಕೊಂಡೆ. ಆಮೇಲೆ

ಜುಲೈ 4, ಬೆಳಿಗ್ಗೆ 8

ಯಾರೂ ಬರುವ ಮುಂಚೆ ಬಂದೆ. ಹಳೆಯ ಪಟ್ಟಿ ತೆಗೆದೆ. 131ನೇ ಹೆಸರು. ಸಕ್ಕರೆಯ ಆಪ್. ಗೆರೆಯ ಕೆಳಗೆ.

ಲ್ಯಾಬಿನಲ್ಲಿ ಯಾಕೆ ಕೂಗಿತು ಎಂದರೆ ಲ್ಯಾಬಿನಲ್ಲಿ ಎಲ್ಲ ಫೋನಿಗೂ ವೈರು ಚುಚ್ಚಿರುತ್ತದೆ. ಚಾರ್ಜ್ ಆಗುತ್ತಿರುವ ಫೋನು ಯಾವ ಆಪನ್ನೂ ಮಲಗಿಸುವುದಿಲ್ಲ. ವೈರು ಕಿತ್ತರೆ, ಹತ್ತು ನಿಮಿಷ, ಆಮೇಲೆ ಮೌನ. ಬ್ಯಾಟರಿ ಕೋಣೆಯಲ್ಲಿ ವೈರಿಲ್ಲದ ಫೋನುಗಳಿದ್ದವು, ಅಲ್ಲಿ ಅಲಾರಂ ನೋಡುವವರಿರಲಿಲ್ಲ. ಇಲ್ಲಿ ಅಲಾರಂ ನೋಡಿದೆವು, ವೈರು ಕೀಳಲಿಲ್ಲ. ಇಬ್ಬರದೂ ಸೇರಿ ನಲವತ್ತು ವರ್ಷದ ಅನುಭವ.

ಅಕ್ಕನನ್ನು ಕೇಳಿದೆ. ಕಾರಿನ ಚಾರ್ಜರ್ ವೈರು ತುಂಡಾಗಿ ನಾಲ್ಕು ದಿನವಾಗಿತ್ತಂತೆ. ಅದಕ್ಕೂ ಮುಂಚೆ ಅವಳನ್ನು ಕಾಯುತ್ತಿದ್ದದ್ದು ಆ ವೈರು, ನಾನಲ್ಲ.

ಚಾರ್ಜರ್ ಬಂದಮೇಲೆ ಹೇಳಿದೆ. ಕುರ್ಚಿಯಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತಾ ಇದ್ದ. ಆಮೇಲೆ ಎದ್ದು ಹನ್ನೆರಡೂ ವೈರು ಕಿತ್ತ.

ಜುಲೈ 5

ಅಕ್ಕನಿಗೆ ಹೊಸ ಫೋನು. ಬೇರೆ ಕಂಪನಿಯದು. ಅವಳ ಮನೆಯಲ್ಲೇ ಕೂತು ಎಲ್ಲ ಹಾಕಿಕೊಟ್ಟೆ. ವೈರಿಲ್ಲದೆ, ಪರದೆ ಆರಿಸಿ, ಒಂದು ಗಂಟೆ ಕಾದು ನೋಡಿದೆ. ಕೂಗಿತು.

ಆಮೇಲೆ ಹೇಳಿದೆ. ಪಟ್ಟಿ, ಗೆರೆ, 131. ಕತ್ತರಿಸಿದವಳು ನಾನೇ ಎಂದು. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಆಸ್ಪತ್ರೆಯಲ್ಲಿ ನಾನು ಬೈದದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ.

ಕೊನೆಗೆ ಕೇಳಿದಳು. ಆ ಆಪು ಇನ್ನೂ ಎಷ್ಟು ಜನರ ಹತ್ತಿರ ಇದೆ ಎಂದು. ನಾಲ್ಕು ಸಾವಿರ ಅಂದೆ.

“ನನ್ ಫೋನ್ ಸರಿಹೋಯ್ತು. ಅವರಿಗೆ ಯಾರು ಹೇಳ್ತಾರೆ?”

ಹೇಳುತ್ತೇವೆ ಅಂದೆ. ಆಫೀಸಿನಲ್ಲಿ ಮಾತಾಡುತ್ತೇನೆ ಅಂದೆ.

“ಬೇಗ ಮಾತಾಡು. ನಾನು ಅಲ್ಲಿಗೆ ಹೋಗ್ಬಂದಿದೀನಿ. ಹೋಗ್ತಾ ಇದೀವಿ ಅಂತ ಗೊತ್ತೇ ಆಗಲ್ಲ ಕಣೇ.”

ಜುಲೈ 8

ಮೀಟಿಂಗ್. ಮ್ಯಾನೇಜರ್, ಕಂಪನಿಯ ವಕೀಲೆ, ನಾನು. ಎರಡೇ ಬೇಡಿಕೆ ಇಟ್ಟೆ. ಪಟ್ಟಿಗೆ ಹೆಸರು ವಾಪಸ್ ಸೇರಿಸಿ ಇನ್ನೊಂದು ಅಪ್‌ಡೇಟ್. ಅದಾಗದಿದ್ದರೆ ಎಲ್ಲರಿಗೂ ಒಂದು ಸೂಚನೆ — ಸೆಟ್ಟಿಂಗ್ಸ್, ಬ್ಯಾಟರಿ, ಆಪಿನ ಹೆಸರು, ‘ಸದಾ ಎಚ್ಚರ’. ನಾಲ್ಕು ಸಲ ಒತ್ತಿದರೆ ಮುಗಿಯಿತು.

ಅಪ್‌ಡೇಟ್ ಆಗಲ್ಲ, ಸಪೋರ್ಟ್ ಮುಗಿದಿದೆ. ಸೂಚನೆಯೂ ಬೇಡ. ಸೂಚನೆ ಕೊಟ್ಟರೆ ಯಾಕೆ ಎಂದು ಕೇಳುತ್ತಾರೆ, ಕೆದಕುತ್ತಾ ಹೋದರೆ ಚಿಪ್‌ನ ವಯಸ್ಸಿನವರೆಗೂ ಬರುತ್ತಾರೆ. ಆಗಸ್ಟ್ ಮುಗಿಯಲಿ, ನೋಡೋಣ. ವಕೀಲೆ ಇದನ್ನೆಲ್ಲ ತುಂಬ ಮೆತ್ತಗೆ ಹೇಳಿದರು. ನಾಲ್ಕು ಸಾವಿರ ಎಂದರೆ ಅರ್ಧ ಪರ್ಸೆಂಟೂ ಇಲ್ಲವಲ್ಲ ಎಂದೂ ಹೇಳಿದರು. ಅದು ನನ್ನದೇ ಲೆಕ್ಕ.

ಕಾರಿಡಾರಿನಲ್ಲಿ ಮ್ಯಾನೇಜರ್ ಹಿಂದೆಯೇ ಬಂದರು. ದೊಡ್ಡದು ಮಾಡಬೇಡಿ ಅಂದರು. “ನಿಮ್ಮ ಅಕ್ಕ ಸರಿಯಾಗಿದ್ದಾರಲ್ಲ, ಅಷ್ಟು ಸಾಕು ಅಂದ್ಕೊಳಿ.” ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರಿಗೂ ದಣಿವಾಗಿದೆ.

ಜುಲೈ 9

ಏನೂ ಮಾಡಲಿಲ್ಲ. ಅಕ್ಕ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಜುಲೈ 11, ಬೆಳಿಗ್ಗೆ 10.15

ಹಾಕಿಬಿಟ್ಟೆ. ಕಂಪನಿಯ ವೆಬ್‌ಸೈಟಿನಲ್ಲಿ ಗ್ರಾಹಕರು ಬರೆಯುವ ಪುಟ ಇದೆಯಲ್ಲ, ಅಲ್ಲಿ, ನನ್ನ ಆಫೀಸಿನ ಗುರುತಿನಲ್ಲೇ. ಜೂನ್ 12ರ ಅಪ್‌ಡೇಟ್ ಆದಮೇಲೆ ಈ ಫೋನು ಸಕ್ಕರೆಯ ಆಪನ್ನು ಮಲಗಿಸುತ್ತದೆ, ಅಲಾರಂ ಆಗುವುದಿಲ್ಲ, ಈ ನಾಲ್ಕು ಕಡೆ ಒತ್ತಿ, ಗೊತ್ತಿದ್ದವರಿಗೆಲ್ಲ ತಿಳಿಸಿ. ಒಂಬತ್ತು ಸಾಲು. ತಪ್ಪು ಅಪ್‌ಡೇಟಿನದು ಎಂದು ಬರೆದೆ. ಯಾರದು ಎಂದು ಬರೆಯಲಿಲ್ಲ, ಅದು ಯಾರಿಗೂ ಬೇಕಿಲ್ಲ ಅನಿಸಿತು.

ಚಾರ್ಜರ್ ಹಿಂದೆ ನಿಂತು ಓದಿದ. ಮೂರನೇ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದೆ ಅಂದ. ತಿದ್ದಿದೆ.

ಇವತ್ತೋ ನಾಳೆಯೋ ಕೆಲಸ ಹೋಗುತ್ತದೆ. ಹೆದರಿಕೆ ಆಗುತ್ತಿದೆ. ನಿದ್ದೆಯೂ ಬರುತ್ತಿದೆ.

ಬೆಳಿಗ್ಗೆ 11.50

ಉತ್ತರಗಳು ಬರುತ್ತಿವೆ. ಥ್ಯಾಂಕ್ಸ್ ಎಂದು ಒಬ್ಬರು. ಈ ಮೆನು ಇರುವುದೇ ಗೊತ್ತಿರಲಿಲ್ಲ ಎಂದು ಇನ್ನೊಬ್ಬರು. ಮಗಳ ಫೋನಿನಲ್ಲಿ ಸರಿಮಾಡಿದೆ ಎಂದು ಒಬ್ಬ ತಾಯಿ. ಮೂವತ್ತೊಂದು ಜನ ಆದರು. ಅಕ್ಕನಿಗೆ ಹೇಳಬೇಕು.

12.10

ಮೂವತ್ತೆರಡನೆಯದು. ಹಾಗೇ ಇಳಿಸಿಕೊಳ್ಳುತ್ತೇನೆ.

‘ನಮ್ಮ ಯಜಮಾನರದು ಇದೇ ಫೋನು. ಜೂನ್ 24 ಊಟ ಆಗಿ ಮಲಗಿದವರು ಏಳಲಿಲ್ಲ. ಫೋನು ಅವರ ಅಂಗಿಯ ಜೇಬಿನಲ್ಲೇ ಇತ್ತು, ನಾನು ಅಡಿಗೆಮನೆಯಲ್ಲಿದ್ದೆ. ಫೋನು ಕೂಗಿರುತ್ತೆ, ನೀನೇ ಕೇಳಿಸಿಕೊಂಡಿಲ್ಲ ಅಂತ ಎಲ್ಲರೂ ಅಂದರು. ಮಗನೂ ಅಂದ. ಇರಬಹುದು ಅಂತ ನಾನೂ ನಂಬಿದ್ದೆ. ಅದು ಕೂಗಲಿಲ್ಲ ಅಲ್ವಾ? ದಯವಿಟ್ಟು ಒಂದು ಮಾತು ಹೇಳಿ.’

ನಾಲ್ಕು ಸಲ ಓದಿದೆ. ಮ್ಯಾನೇಜರ್ ಫೋನ್ ಬರುತ್ತಿದೆ, ಎತ್ತುತ್ತಿಲ್ಲ. ಮೊದಲು ಆಕೆಗೆ.

‘ಇಲ್ಲ ಅಮ್ಮ, ಅದು ಕೂಗಲಿಲ್ಲ. ನೀವು ಕೇಳಿಸಿಕೊಳ್ಳಲಿಲ್ಲ ಅಂತಲ್ಲ’ ಎಂದು ಬರೆದೆ. ಅಷ್ಟಕ್ಕೇ ಕಳಿಸಬಹುದಿತ್ತು. ಯಾಕೆ ಕೂಗಲಿಲ್ಲ ಎಂದು ಆಕೆ ಕೇಳಿಲ್ಲ. ಆದರೂ ಬರೆಯಬೇಕು. ‘ಆ ಆಪಿನ ಹೆಸರನ್ನು ಪಟ್ಟಿಯಿಂದ ತೆಗೆದದ್ದು ನಾನು.’