ಅತ್ತೆಯ ಬಾವಿಯ ಚಾ

ಇವರೇ,

ಬೆಳ್ತಂಗಡಿಯ ಬಸ್ಸಿಗೆ ಹೊತ್ತಾಯ್ತು, ನಾನು ಹೊರಟೆ.

ಬಚ್ಚಲಿನ ನಳ್ಳಿಗೆ ಪುನಃ ಬಿಳಿ ಪದರ ಕಟ್ಟಿದೆ. ಲಿಂಬೆಹುಳಿ ತಿಕ್ಕಿ ಇಟ್ಟಿದ್ದೇನೆ, ನೀವು ಉಜ್ಜಿ ತೊಳೆದರೆ ಸಾಕು. ನೊರೆ ಬರ್ಲಿಲ್ಲ ಅಂತ ಇಡೀ ಸೋಪು ಕರಗಿಸ್ಬೇಡಿ ಮಾರಾಯ್ರೇ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ನಿಮ್ಮ ಹಟಕ್ಕೆ ಬಗ್ಗುವುದಲ್ಲ.

ಬೇಳೆ ಕುಕ್ಕರಿನಲ್ಲಿ ಉಂಟು. ಬೇಯದಿದ್ದರೆ ಇನ್ನೊಂದೆರಡು ವಿಸಿಲ್ ಹಾಕಿಸಿ. ನನ್ನ ಅಡುಗೆಗೆ ಬೈಯುವುದು ಆಮೇಲೆ.

ಇನ್ನು ಬೆಳಗ್ಗಿನ ಚಾದ ವಿಷಯ. ಸರಿಯಾಗಿ ಕಣ್ಣು ಬಿಡದೆ ಒಂದು ಗುಟುಕು ಕುಡಿದು "ಅಮ್ಮ ಯಾವಾಗ ಬಂದದ್ದು?" ಅಂತ ಕೇಳಿದಿರಿ. "ಅಮ್ಮನ ಕೈಯ ರುಚಿ ನಿನ್ನ ಚಾಕ್ಕೆ ಬರುವುದಿಲ್ಲ" ಅಂತ ಮದುವೆಯಾದಲ್ಲಿಂದ ಕೇಳಿ ಕೇಳಿ ಸಾಕಾಗಿ, ನಿನ್ನೆ ಶಿರ್ತಾಡಿಗೆ ಹೋದವಳು ಅತ್ತೆಯ ಬಾವಿಯಿಂದ ಒಂದು ಕ್ಯಾನ್ ನೀರು ಹೊತ್ತು ತಂದಿದ್ದೆ. ಚಾಪುಡಿ ನಮ್ಮದೇ, ಕೈ ನನ್ನದೇ. ಅಮ್ಮ ಬಂದಿಲ್ಲ, ಅವರ ಬಾವಿ ಬಂದದ್ದು.

ಉಳಿದ ನೀರು ಫ್ರಿಜ್ಜಿನ ಬದಿಯಲ್ಲಿ ಉಂಟು. ಅದರಲ್ಲಿ ಮುಖ ತೊಳೆಯಬೇಡಿ. ಸಂಜೆ ನಾನು ಬರುವಾಗ ನೀವೇ ಚಾ ಮಾಡಿಡಿ. ನಿಮ್ಮ ಕೈಯಲ್ಲೂ ಅಮ್ಮನ ರುಚಿ ಬರ್ತದಾ ನೋಡುವ.

ಸಾಧನಾ